ಸಾಕ್ಷಿ ಬದುಕಿರುವಾಗಲೇ

ಅಮಾವಾಸ್ಯೆಯ ಪೂಜೆ ಮುಗಿದು ಜನ ಕರಗಿದ ಮೇಲೆ, ಆದಿಚುಂಚನಗಿರಿಯ ಬೆಟ್ಟದ ಬುಡದಲ್ಲಿ ಕುಳಿತು ಇಬ್ಬರು ಆಡಿದ ಮಾತು ಇದು. ಒಬ್ಬಳು ಆಸ್ಪತ್ರೆಯೊಂದರ ತುರ್ತು ವಿಭಾಗದಲ್ಲಿ ನರ್ಸ್. ಇನ್ನೊಬ್ಬರು ಅವಳ ಸೋದರಮಾವ, ಸೆಷನ್ಸ್ ಕೋರ್ಟಿನಲ್ಲಿ ಸರ್ಕಾರದ ಪರವಾಗಿ ವಾದಿಸಿ ನಿವೃತ್ತರಾದ ವಕೀಲರು.

ನರ್ಸ್: ಮಾವ, ವಯಸ್ಸಾದವರ ಮೈಮೇಲೆ ಕೈ ಮಾಡಿ ಒಡವೆ ಕಿತ್ತುಕೊಂಡು ಹೋಗುವವರನ್ನ ಗಲ್ಲಿಗೆ ಯಾಕೆ ಹಾಕಲ್ಲ? ಮೊನ್ನೆ ಒಬ್ಬ ಅಜ್ಜಿಯನ್ನ ನಮ್ಮಲ್ಲಿಗೆ ಕರೆತಂದರು. ಎಪ್ಪತ್ತೆಂಟು ವರ್ಷ. ತೋಟದ ಮನೆಯಲ್ಲಿ ಒಬ್ಬರೇ ಇರೋದು, ಮಕ್ಕಳೆಲ್ಲ ಬೆಂಗಳೂರು ಸೇರಿದ್ದಾರೆ. ದೀಪ ಹಚ್ಚೋ ಹೊತ್ತಿಗೆ ಇಬ್ಬರು ಬಂದು ‘ಅಜ್ಜಿ, ಕುಡಿಯೋಕೆ ನೀರು ಕೊಡಿ’ ಅಂದರಂತೆ. ನೀರು ತರೋಕೆ ಒಳಗೆ ತಿರುಗಿದವರನ್ನ ಹಿಂದಿನಿಂದ ನೂಕಿದ್ದಾರೆ. ವಾಲೆಯ ತಿರುಪು ಬಿಚ್ಚೋಷ್ಟು ತಾಳ್ಮೆಯೂ ಇಲ್ಲ, ಹಾಗೇ ಎಳೆದಿದ್ದಾರೆ. ಎರಡೂ ಕಿವಿಯ ಹಾಲೆ ಸೀಳಿಹೋಗಿತ್ತು. ಸೊಂಟದ ಹತ್ತಿರ ಮೂಳೆ ಮುರಿದಿತ್ತು. ನಾನು ರಕ್ತ ಒರೆಸುತ್ತಿದ್ದರೆ ಆಯಮ್ಮ ಕೇಳಿದ್ದು, ‘ಹಸುಗೆ ಯಾರಾದರೂ ನೀರಿಟ್ಟರಾ ಮಗ?’ ಅಂತ. ಅವತ್ತು ರಾತ್ರಿ ನನಗೆ ಊಟ ಸೇರಲಿಲ್ಲ.

ವಕೀಲರು: ಸೇರದೇ ಇರೋದೇ ಸರಿ ಕಣಮ್ಮ. ಇಂಥದ್ದನ್ನ ನೋಡಿಯೂ ಸಿಟ್ಟು ಬಾರದವರ ಜೊತೆ ನ್ಯಾಯದ ಮಾತು ಆಡೋಕಾಗಲ್ಲ. ಆದರೆ ಗಲ್ಲು ಅನ್ನೋ ಮುಂಚೆ, ಆ ಇಬ್ಬರ ಮೇಲೆ ಯಾವ ಕಲಂ ಬೀಳುತ್ತೆ, ಅದರಲ್ಲಿ ಎಷ್ಟು ಶಿಕ್ಷೆ ಇದೆ ಅನ್ನೋದನ್ನ ಮೊದಲು ನೋಡೋಣ. 2024ರ ಜುಲೈ 1ರಿಂದ ನಮ್ಮಲ್ಲಿ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ದಾರಿಯಲ್ಲಿ ಹೋಗುವವರ ಸರ ಕಿತ್ತುಕೊಂಡು ಓಡಿದರೆ 304ನೇ ಕಲಂ, ಮೂರು ವರ್ಷದವರೆಗೆ ಜೈಲು. ಹೊಡೆದು ಬಡಿದು ಕಿತ್ತುಕೊಂಡರೆ ಅದು ಸುಲಿಗೆ. 309ನೇ ಕಲಂ ಪ್ರಕಾರ ಹತ್ತು ವರ್ಷದವರೆಗೆ ಕಠಿಣ ಸಜೆ. ಸುಲಿಗೆ ಮಾಡುವಾಗ ಗಾಯ ಮಾಡಿದ್ದರೆ ಜೀವಾವಧಿಯವರೆಗೂ ಕೊಡಬಹುದು.

ನರ್ಸ್: ಇಷ್ಟರಲ್ಲಿ ವಯಸ್ಸಾದವರು ಅನ್ನೋ ಮಾತು ಎಲ್ಲಿದೆ?

ವಕೀಲರು: ಇಲ್ಲ. ನನ್ನನ್ನ ಬಹಳ ವರ್ಷ ಕಾಡಿದ್ದೇ ಅದು. ಅದೇ ಸುಲಿಗೆ ಹೆದ್ದಾರಿಯ ಮೇಲೆ, ಹೊತ್ತು ಮುಳುಗಿ ಹೊತ್ತು ಹುಟ್ಟೋದರೊಳಗೆ ನಡೆದರೆ ಶಿಕ್ಷೆ 14 ವರ್ಷದವರೆಗೆ ಏರುತ್ತೆ. ಇದು 1860ರ ದಂಡ ಸಂಹಿತೆಯಿಂದ ಬಂದದ್ದು, ಹೊಸ ಕಾನೂನಿನಲ್ಲೂ ಹಾಗೇ ಇದೆ. ರಾತ್ರಿ ದಾರಿಯಲ್ಲಿ ಹೋಗುವವನಿಗೆ ದಿಕ್ಕಿಲ್ಲ, ಅದಕ್ಕೇ ಅವನನ್ನ ಸುಲಿಯೋದು ಹೆಚ್ಚಿನ ತಪ್ಪು ಅಂತ ಕಾನೂನು ಮಾಡಿದವರಿಗೆ ಅನಿಸಿತ್ತು. ಇವತ್ತು ನಾಗಮಂಗಲ, ಕೆ.ಆರ್. ಪೇಟೆ ಕಡೆಯ ಒಂಟಿ ತೋಟದ ಮನೆಯಲ್ಲಿ ಮುಪ್ಪಾದ ಜೀವ ಹಾಡಹಗಲೇ ಅಷ್ಟೇ ದಿಕ್ಕಿಲ್ಲದೆ ಕೂತಿದೆ. ಆ ಮನೆಯ ಹೆಸರು ಆ ಕಲಮಿನಲ್ಲಿ ಇನ್ನೂ ಸೇರಿಲ್ಲ.

ನರ್ಸ್: ಹಾಗಾದರೆ ಆ ಅಜ್ಜಿಯ ಕೇಸಿನಲ್ಲಿ ಶಿಕ್ಷೆ ಎಷ್ಟು ಅನ್ನೋದನ್ನ ಯಾರು ತೀರ್ಮಾನ ಮಾಡ್ತಾರೆ?

ವಕೀಲರು: ಜಡ್ಜು ಅಂತ ನೀನು ಅಂದುಕೊಂಡಿದ್ದೀಯ. ಶುರುವಾಗೋದು ನಿಮ್ಮ ಮೇಜಿನ ಮೇಲೆ. ಗಾಯದ ಪ್ರಮಾಣಪತ್ರದ ಕೊನೆಯಲ್ಲಿ ಡಾಕ್ಟರು ಒಂದು ಮಾತು ಬರೀತಾರಲ್ಲ, ‘ಸಾದಾ’ ಅಂತಲೋ ‘ತೀವ್ರ’ ಅಂತಲೋ?

ನರ್ಸ್: ಹೌದು, ಬರೀತಾರೆ.

ವಕೀಲರು: ಆ ಒಂದು ಮಾತಿನ ಮೇಲೆ ವರ್ಷಗಳು ನಿಂತಿರುತ್ತವೆ. ಸುಲಿಗೆಯಲ್ಲಿ ತೀವ್ರ ಗಾಯ ಮಾಡಿದ್ದರೆ 311ನೇ ಕಲಂ. ಅದರಲ್ಲಿ ಏಳು ವರ್ಷಕ್ಕಿಂತ ಕಡಿಮೆ ಕೊಡೋ ಅಧಿಕಾರ ಜಡ್ಜಿಗೂ ಇಲ್ಲ. ಸಾದಾ ಗಾಯ ಅಂದರೆ ಆ ಕನಿಷ್ಠ ಮಿತಿ ಇಲ್ಲ, ಎರಡು ವರ್ಷ, ಮೂರು ವರ್ಷಕ್ಕೂ ಇಳಿಯಬಹುದು. ತೀವ್ರ ಗಾಯ ಯಾವುದು ಅಂತ 116ನೇ ಕಲಂ ಎಂಟು ಬಗೆ ಹೇಳುತ್ತೆ. ಮೂಳೆ ಮುರಿತ ಅದರಲ್ಲಿದೆ. ತಲೆಗೋ ಮುಖಕ್ಕೋ ಶಾಶ್ವತವಾದ ವಿಕಾರ ಇದೆ. ಹದಿನೈದು ದಿನ ತೀವ್ರ ನೋವು, ಇಲ್ಲವೇ ಅಷ್ಟು ದಿನ ದಿನದ ಕೆಲಸ ಮಾಡಿಕೊಳ್ಳೋಕಾಗದ ಸ್ಥಿತಿ ಇದೆ. ಹಳೆ ಕಾನೂನಿನಲ್ಲಿ ಇದು ಇಪ್ಪತ್ತು ದಿನ ಇತ್ತು. ಈಗ ನೀನೇ ಹೇಳು, ಮೂಳೆ ಮುರಿಯದೆ ಬರೀ ಕಿವಿ ಹರಿದು ಬಂದ ಮುದುಕಿಗೆ ನಿಮ್ಮಲ್ಲಿ ಏನು ಬರೀತಾರೆ?

ನರ್ಸ್: ಬಹಳ ಸಲ ಸಾದಾ ಅಂತಲೇ. ಹೊಲಿಗೆ ಹಾಕಿ ಕಳಿಸ್ತೀವಿ. ಆದರೆ ವಯಸ್ಸಾದವರ ಚರ್ಮ ಕಾಗದದ ಹಾಗಿರುತ್ತೆ, ಸಕ್ಕರೆ ಕಾಯಿಲೆ ಇದ್ದರೆ ಮಾಯೋದೇ ಇಲ್ಲ. ಬಿದ್ದ ಭಯಕ್ಕೆ ಹಾಸಿಗೆ ಹಿಡೀತಾರೆ. ಹಾಸಿಗೆ ಹಿಡಿದರೆ ಕಫ ಕಟ್ಟುತ್ತೆ, ಬೆನ್ನಿನಲ್ಲಿ ಹುಣ್ಣಾಗುತ್ತೆ. ಮೂಳೆ ಮುರಿದು ಆಪರೇಷನ್ ಆದವರಲ್ಲೂ ಎಷ್ಟೋ ಜನ ಮತ್ತೆ ಮೊದಲಿನ ಹಾಗೆ ನಡೆಯಲ್ಲ. ಇಪ್ಪತ್ತೈದರ ಹುಡುಗನನ್ನ ಅಷ್ಟೇ ಜೋರಾಗಿ ನೂಕಿದ್ದರೆ ಮಂಡಿ ತರಚಿಕೊಂಡು ಎದ್ದು ಬೆನ್ನಟ್ಟುತ್ತಿದ್ದ.

ವಕೀಲರು: ನೀನು ಈಗ ಹೇಳಿದ್ದನ್ನ ಕೋರ್ಟಿನಲ್ಲಿ ಯಾರೂ ಹೇಳಲ್ಲ. ಹೇಳಬೇಕಾದ್ದು ಅದನ್ನೇ. ಹದಿನೈದು ದಿನ ಕಳೆದ ಮೇಲೆ ಆ ಮುದುಕಿ ತಾನಾಗಿ ಎದ್ದು ಸ್ನಾನ ಮಾಡ್ತಾಳಾ, ಒಲೆ ಹಚ್ಚುತ್ತಾಳಾ ಅಂತ ಯಾರಾದರೂ ನೋಡಿ ಬರೆದಿಟ್ಟರೆ ಅದೇ ಗಾಯ ತೀವ್ರ ಆಗುತ್ತೆ. ಬರೆಯದೇ ಹೋದರೆ ಸಾದಾ ಆಗಿ ಉಳಿಯುತ್ತೆ. ಕಾನೂನಿನ ಬಾಗಿಲು ತೆರೆದೇ ಇದೆ, ಒಳಗೆ ಹೋಗೋಕೆ ಬೇಕಾದ ಕಾಗದ ಮಾತ್ರ ಇರಲ್ಲ.

ನರ್ಸ್: ಶಿಕ್ಷೆ ಹೇಳೋ ದಿನವಾದರೂ ಅಜ್ಜಿಯ ವಯಸ್ಸು ಲೆಕ್ಕಕ್ಕೆ ಬರುತ್ತಾ?

ವಕೀಲರು: ಬರಬೇಕು. ಅಪರಾಧಿ ಅಂತ ತೀರ್ಮಾನ ಆದ ಮೇಲೆ ಶಿಕ್ಷೆ ಎಷ್ಟು ಅಂತ ಕೇಳೋಕೆ ಬೇರೆಯೇ ಒಂದು ವಿಚಾರಣೆ ಇದೆ. ವಿಚಾರಣೆ ಹೇಗೆ ನಡೀಬೇಕು ಅಂತ ಹೇಳೋ ಈಗಿನ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 258ನೇ ಕಲಂ. ಅವತ್ತು ಅಪರಾಧಿಯ ವಕೀಲರು ಎದ್ದು ನಿಂತು ಹೇಳ್ತಾರೆ: ಹುಡುಗ ಚಿಕ್ಕವನು, ಮದುವೆಯಾಗಿ ವರ್ಷ ಆಗಿದೆ, ಮನೆಯಲ್ಲಿ ವಯಸ್ಸಾದ ತಾಯಿ ಇದ್ದಾಳೆ, ದಯೆ ತೋರಿಸಬೇಕು. ಅದನ್ನ ಹೇಳೋ ಹಕ್ಕು ಅವರಿಗಿದೆ, ಜಡ್ಜು ಅದನ್ನ ಕೇಳಲೇಬೇಕು. ಸರ್ಕಾರದ ಕಡೆಯವರು ‘ಗರಿಷ್ಠ ಶಿಕ್ಷೆ ಕೊಡಬೇಕು’ ಅಂತ ಒಂದೇ ಸಾಲು ಹೇಳಿ ಕೂತುಬಿಡ್ತಾರೆ. ಹಾಗೆ ಕೂತುಬಿಡೋದನ್ನ ನಾನು ಎಷ್ಟೋ ಕಡೆ ನೋಡಿದ್ದೀನಿ. ಅವನ ತಾಯಿಯ ಮುಪ್ಪು ಅವನಿಗೆ ದಯೆ ತರುತ್ತೆ. ಅವನು ಕೈ ಮಾಡಿದ ತಾಯಿಯ ಮುಪ್ಪಿನ ಬಗ್ಗೆ ಅವತ್ತು ಒಂದು ಮಾತೂ ಬರಲ್ಲ.

ನರ್ಸ್: ಸುಪ್ರೀಂ ಕೋರ್ಟು ಇದರ ಬಗ್ಗೆ ಏನೂ ಹೇಳಿಲ್ವಾ?

ವಕೀಲರು: ಹೇಳಿದೆ. 1980ರ ಬಚನ್ ಸಿಂಗ್ ತೀರ್ಪಿನಲ್ಲಿ ಅಪರೂಪದಲ್ಲಿ ಅಪರೂಪದ ಪ್ರಕರಣಕ್ಕೆ ಮಾತ್ರ ಗಲ್ಲು ಅಂತ ಗೆರೆ ಎಳೆಯಿತು. ಅಲ್ಲಿ ವಯಸ್ಸಿನ ಮಾತು ಬಂದದ್ದು ಅಪರಾಧಿಯ ಕಡೆಯಿಂದ. ಅವನು ತೀರಾ ಚಿಕ್ಕವನೋ ಮುದುಕನೋ ಆಗಿದ್ದರೆ ಅದನ್ನ ದಯೆಗೆ ಕಾರಣ ಅಂತ ನೋಡಬೇಕು ಅಂದಿತು. ಮೂರು ವರ್ಷ ಕಳೆದು 1983ರಲ್ಲಿ ಮಚ್ಚಿ ಸಿಂಗ್ ಪ್ರಕರಣದಲ್ಲಿ ಸತ್ತವರ ಕಡೆಗೂ ನೋಡಿತು. ಮಗುವನ್ನೋ, ದಿಕ್ಕಿಲ್ಲದ ಹೆಂಗಸನ್ನೋ, ಮುಪ್ಪಿನಿಂದ ಇಲ್ಲವೇ ಕಾಯಿಲೆಯಿಂದ ಅಸಹಾಯಕರಾದವರನ್ನೋ ಕೊಂದರೆ ಆ ಕೊಲೆಯ ತೂಕ ಹೆಚ್ಚು ಅಂತ ಹೇಳಿತು. ಮುಪ್ಪಿನ ಮಾತು ಹಾಗೆ ತೀರ್ಪಿನೊಳಗೆ ಬಂತು. ಆದರೆ ಬಂದದ್ದು ಕೊಲೆಗೆ, ಅದೂ ಗಲ್ಲಿನ ಪ್ರಶ್ನೆ ಎದ್ದಾಗ. ಕಿವಿ ಹರಿದು, ಸೊಂಟ ಮುರಿದು ಬದುಕಿ ಉಳಿದ ಮುದುಕಿಯ ಕೇಸಿಗೆ ಅಷ್ಟು ಬಿಡಿಸಿ ಹೇಳಿದ ಸೂತ್ರ ಇಲ್ಲ.

ನರ್ಸ್: ಶಿಕ್ಷೆ ಕಡಿಮೆ ಆಯ್ತು ಅಂತ ಅಜ್ಜಿಯೇ ಮೇಲಿನ ಕೋರ್ಟಿಗೆ ಹೋಗಬಹುದಲ್ವಾ?

ವಕೀಲರು: ಹೋಗೋಕಾಗಲ್ಲ. ಆರೋಪಿ ಬಿಡುಗಡೆಯಾದರೆ, ಸಣ್ಣ ಕಲಮಿಗೆ ಇಳಿಸಿದರೆ, ಪರಿಹಾರ ಸಾಲದಿದ್ದರೆ ಸಂತ್ರಸ್ತರು ಮೇಲ್ಮನವಿ ಹಾಕಬಹುದು. 2009ರ ಕೊನೆಯಿಂದ ಆ ಹಕ್ಕು ಬಂದಿದೆ. ಶಿಕ್ಷೆ ಕಡಿಮೆ ಆಯ್ತು ಅಂತ ಹೋಗೋ ಹಕ್ಕು ಸರ್ಕಾರಕ್ಕೆ ಮಾತ್ರ. 2020ರಲ್ಲಿ ಪರ್ವಿಂದರ್ ಕನ್ಸಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನೇ ಖಚಿತ ಮಾಡಿತು. ಅದಕ್ಕೇ ಕೆಳಗಿನ ಕೋರ್ಟಿನಲ್ಲಿ ಶಿಕ್ಷೆಯ ವಿಚಾರಣೆಯ ದಿನ ಸರ್ಕಾರಿ ವಕೀಲ ಬಾಯಿ ಬಿಡದಿದ್ದರೆ ಅಜ್ಜಿಯ ಪಾಲಿಗೆ ಇನ್ನೊಂದು ಬಾಗಿಲಿಲ್ಲ.

ನರ್ಸ್: ಇಷ್ಟೆಲ್ಲ ಕೊರತೆ ಇದೆ ಅಂತ ನೀವೇ ಹೇಳ್ತೀರಿ. ಹಾಗಿದ್ದರೆ ಕಾನೂನನ್ನೇ ಬಿಗಿ ಮಾಡಲಿ. ಅರವತ್ತು ದಾಟಿದವರ ಮೇಲೆ ಕೈ ಮಾಡಿದವನಿಗೆ ಸಾಯೋತನಕ ಜೈಲು, ಕೊಂದವನಿಗೆ ಗಲ್ಲು. ಆಗ ಭಯ ಹುಟ್ಟುತ್ತೆ.

ವಕೀಲರು: ಬೆಳ್ಳೂರು ಕ್ರಾಸಿನಿಂದ ಬೆಂಗಳೂರಿನ ಕಡೆ ಹೊರಟರೆ ಯಡಿಯೂರು ಸಿಗುತ್ತಲ್ಲ?

ನರ್ಸ್: ಸಿದ್ಧಲಿಂಗೇಶ್ವರನ ಯಡಿಯೂರು. ಇಲ್ಲಿಗೆ ಬರೋ ಅರ್ಧ ಜನ ಅಲ್ಲಿಗೂ ಹೋಗಿ ಬರ್ತಾರೆ.

ವಕೀಲರು: ‘ಸೈನೈಡ್ ಮಲ್ಲಿಕಾ’ ಅಂತ ಪತ್ರಿಕೆಗಳು ಕರೆದ ಕೆಂಪಮ್ಮ ಅರವತ್ತರ ಹೆಂಗಸೊಬ್ಬರನ್ನ ಕೊಂದದ್ದು ಆ ಊರಿನಲ್ಲೇ. ದೇವಸ್ಥಾನಕ್ಕೆ ಕಷ್ಟ ಹೇಳಿಕೊಂಡು ಬರೋ ಹೆಂಗಸರ ಜೊತೆ ಸ್ನೇಹ ಬೆಳೆಸೋದು, ವಿಶೇಷ ಪೂಜೆ ಅಂತ ಒಡವೆ ಹಾಕಿಸಿಕೊಂಡು ಕರೆಸೋದು, ಸೈನೈಡ್ ಬೆರೆಸಿ ಕೊಡೋದು. ಮೊದಲ ಕೊಲೆ 1999ರಲ್ಲಿ. ಸಿಕ್ಕಿಬಿದ್ದದ್ದು 2007ರ ಕೊನೆಯಲ್ಲಿ, ಬೆಂಗಳೂರಿನಲ್ಲಿ, ಕದ್ದ ಒಡವೆ ಸಮೇತ. ವಿಚಾರಣಾ ಕೋರ್ಟು ಗಲ್ಲು ವಿಧಿಸಿತು, ಆಮೇಲೆ ಅದು ಜೀವಾವಧಿ ಆಯಿತು. ಈಗ ಯೋಚನೆ ಮಾಡು. ಆ ಎಂಟು ವರ್ಷವೂ ಕೊಲೆಗೆ ಗಲ್ಲು ಅನ್ನೋದು ಕಾನೂನಿನಲ್ಲಿ ಬರೆದೇ ಇತ್ತು. ಅದು ಅವಳ ಕೈ ಹಿಡಿಯಲಿಲ್ಲ. ಪೊಲೀಸರ ಕೈಗೆ ಸಿಕ್ಕ ದಿನವೇ ಕೊಲೆಗಳು ನಿಂತವು.

ನರ್ಸ್: ಗಲ್ಲಿಗೆ ಹೆದರಲ್ಲ, ಸಿಕ್ಕಿಬೀಳೋಕೆ ಹೆದರ್ತಾರೆ ಅಂತೀರಾ?

ವಕೀಲರು: 1764ರಲ್ಲೇ ಇಟಲಿಯ ಬೆಕಾರಿಯಾ ಹೇಳಿದ್ದು ಅದನ್ನೇ. ಶಿಕ್ಷೆಯ ಕ್ರೌರ್ಯಕ್ಕಿಂತ, ತಪ್ಪಿಸಿಕೊಳ್ಳೋಕಾಗಲ್ಲ ಅನ್ನೋ ಖಾತ್ರಿಯೇ ಅಪರಾಧ ತಡೆಯೋದು ಅಂತ. ಇನ್ನೊಂದು ಅಪಾಯವೂ ಇದೆ. ಅಜ್ಜಿಯ ಒಡವೆ ಕಿತ್ತರೂ ಸಾಯೋತನಕ ಜೈಲು, ಅಜ್ಜಿಯನ್ನ ಕೊಂದರೂ ಹೆಚ್ಚುಕಡಿಮೆ ಅಷ್ಟೇ ಅಂತಾದರೆ ಕಳ್ಳ ಏನು ಮಾಡ್ತಾನೆ? ಮುಖ ನೋಡಿದವಳು ಅವಳೊಬ್ಬಳೇ. ಅವಳನ್ನ ಉಳಿಸಿ ಹೋಗೋಕೆ ಅವನಿಗೆ ಕಾರಣವೇ ಇರಲ್ಲ. ಸುಲಿಗೆಗೂ ಕೊಲೆಗೂ ನಡುವೆ ಶಿಕ್ಷೆಯ ಅಂತರ ಇದೆಯಲ್ಲ, ಎಷ್ಟೋ ಮುದುಕಿಯರ ಉಸಿರು ಉಳಿದಿರೋದು ಆ ಅಂತರದಿಂದ.

ನರ್ಸ್: ಇದನ್ನ ನಾನು ಯೋಚಿಸಿರಲಿಲ್ಲ. ಆದರೂ ಕೊಂದವರ ವಿಷಯದಲ್ಲಿ ನನ್ನ ಮನಸ್ಸು ಒಪ್ಪಲ್ಲ ಮಾವ. ಜೀವಾವಧಿ ಅಂತಾರೆ, ಹದಿನಾಲ್ಕು ವರ್ಷಕ್ಕೆ ಊರಿಗೆ ಬಂದು ಕೂರ್ತಾರೆ. ಸತ್ತವರ ಮಕ್ಕಳು ಅದೇ ಬೀದಿಯಲ್ಲಿ ಅವರ ಮುಖ ನೋಡಿಕೊಂಡು ಬದುಕಬೇಕು.

ವಕೀಲರು: ಹದಿನಾಲ್ಕು ವರ್ಷಕ್ಕೆ ತಾನಾಗಿ ಬಿಡುಗಡೆ ಇಲ್ಲ. ಅಲ್ಲಿಯವರೆಗೆ ಬಿಡೋ ಹಾಗಿಲ್ಲ ಅನ್ನೋದಷ್ಟೇ ಕಾನೂನು. ಜೀವಾವಧಿ ಅಂದರೆ ಉಸಿರಿರೋವರೆಗೆ. ಆದರೆ ನಿನ್ನ ಆತಂಕ ನ್ಯಾಯವಾದದ್ದೇ. ಅದಕ್ಕೆ ಉತ್ತರ ನಮ್ಮ ರಾಜ್ಯದ ಪ್ರಕರಣದಿಂದಲೇ ಬಂತು. 1991ರಲ್ಲಿ ಬೆಂಗಳೂರಿನಲ್ಲಿ ಹೆಂಡತಿಯನ್ನ ಮನೆಯ ಆವರಣದಲ್ಲೇ ಹೂತುಹಾಕಿದ ಸ್ವಾಮಿ ಶ್ರದ್ಧಾನಂದನ ಪ್ರಕರಣ. 2008ರಲ್ಲಿ ಸುಪ್ರೀಂ ಕೋರ್ಟು ಅವನ ಗಲ್ಲನ್ನ ತಪ್ಪಿಸಿತು, ಆದರೆ ಬದುಕಿರೋವರೆಗೆ ಬಿಡುಗಡೆ ಇಲ್ಲ ಅಂತ ಹೇಳಿತು. ಗಲ್ಲಿಗೂ ಹದಿನಾಲ್ಕು ವರ್ಷಕ್ಕೂ ನಡುವೆ ಒಂದು ದಾರಿ ಅಲ್ಲಿ ತೆರೆಯಿತು. 2015ರಲ್ಲಿ ಸಂವಿಧಾನ ಪೀಠವೂ ಅದನ್ನ ಎತ್ತಿಹಿಡಿಯಿತು. 2022ರಲ್ಲಿ ಇಂದೋರಿನ ಪ್ರಕರಣ ಬಂತು. ಒಂದೇ ಮನೆಯ ಮೂರು ತಲೆಮಾರಿನ ಮೂವರು ಹೆಂಗಸರನ್ನ ಒಡವೆಗಾಗಿ ಕೊಂದಿದ್ದರು. ಕೋರ್ಟು ಗಲ್ಲನ್ನ ತೆಗೆದು, ಕನಿಷ್ಠ 25 ವರ್ಷ ಒಳಗಿರಲೇಬೇಕು ಅಂತ ಜೀವಾವಧಿ ಕೊಟ್ಟಿತು. ಯಾವ ಕಾರಣಕ್ಕೆ ಎಷ್ಟು ವರ್ಷ ಅಂತ ಬಿಡಿಸಿ ಬರೆಯೋ ಇಂಥ ಶಿಕ್ಷೆಯ ಮೇಲೆ ನನಗೆ ಗಲ್ಲಿಗಿಂತ ಹೆಚ್ಚು ನಂಬಿಕೆ.

ನರ್ಸ್: ಕೊಂದವರಿಗೆ ಆ ದಾರಿ ಇದೆ, ಒಪ್ಪಿದೆ. ಬದುಕಿ ಉಳಿದ ನಮ್ಮ ಅಜ್ಜಿಗೆ ಯಾವ ದಾರಿ?

ವಕೀಲರು: ಅಲ್ಲಿಗೇ ಬರ್ತಾ ಇದ್ದೀನಿ. ನಾನು ಸೋತ ಕೇಸುಗಳಲ್ಲಿ ಬಹಳಷ್ಟು ಸೋತದ್ದು ಕಾನೂನು ಸಡಿಲ ಅಂತಲ್ಲ. ದೋಷಾರೋಪಣ ಪಟ್ಟಿ ಬರೋಕೆ ತಿಂಗಳುಗಳು, ಕೇಸು ಸೆಷನ್ಸಿಗೆ ಬರೋಕೆ ಇನ್ನಷ್ಟು, ಆರೋಪ ಹೊರಿಸೋಕೆ ಮತ್ತಷ್ಟು. ಆಮೇಲೆ ವಾಯಿದೆ ಮೇಲೆ ವಾಯಿದೆ. ಕೊನೆಗೆ ಒಂದು ದಿನ ಸಾಕ್ಷಿಗೆ ಸಮನ್ಸ್ ಕಳಿಸಿದರೆ ‘ಮೃತರಾಗಿದ್ದಾರೆ’ ಅನ್ನೋ ಷರಾ ಬರೆದು ವಾಪಸ್ಸು ಬರುತ್ತೆ. ಮೂವತ್ತರ ಸಾಕ್ಷಿಗೆ ಐದು ವರ್ಷ ತಡವಾದರೆ ಅದು ಬರೀ ತೊಂದರೆ. ಎಪ್ಪತ್ತೆಂಟರ ಸಾಕ್ಷಿಗೆ ಐದು ವರ್ಷ ತಡವಾದರೆ ಕೇಸೇ ಇಲ್ಲ. ಆರೋಪಿಯ ಕಡೆಯವರಿಗೆ ಇದು ಚೆನ್ನಾಗಿ ಗೊತ್ತು. ಅವರು ಅಜ್ಜಿಯನ್ನ ಹೆದರಿಸೋದೂ ಬೇಡ, ಕೊಳ್ಳೋದೂ ಬೇಡ. ಕಾದರೆ ಸಾಕು.

ನರ್ಸ್: ಆದರೆ ಅಜ್ಜಿ ಪೊಲೀಸರ ಮುಂದೆ ಎಲ್ಲ ಹೇಳಿರ್ತಾರಲ್ಲ? ನಮ್ಮ ವಾರ್ಡಿಗೇ ಬಂದು ಬರೆದುಕೊಂಡು ಹೋದರು.

ವಕೀಲರು: ಪೊಲೀಸರು ಬರೆದುಕೊಂಡದ್ದು ಕೋರ್ಟಿನಲ್ಲಿ ಸಾಕ್ಷ್ಯ ಆಗಲ್ಲ. ಮ್ಯಾಜಿಸ್ಟ್ರೇಟರು ಬರೆದುಕೊಂಡದ್ದಕ್ಕೆ ಬೆಲೆ ಹೆಚ್ಚು, ಆದರೆ ಸಾಕ್ಷಿಯನ್ನ ಪಾಟೀಸವಾಲಿಗೆ ಒಡ್ಡದಿದ್ದರೆ ಅದೊಂದನ್ನೇ ನಂಬಿ ಶಿಕ್ಷೆ ಕೊಡೋಕಾಗಲ್ಲ. ಮರಣಪೂರ್ವ ಹೇಳಿಕೆ ಅಂತ ಒಂದಿದೆಯಲ್ಲ, ಅದು ಸಲ್ಲೋದು ಆ ಸಾವಿನ ಕಾರಣವೇ ಕೇಸಿನ ವಿಷಯ ಆಗಿದ್ದಾಗ. ಅಜ್ಜಿ ಎರಡು ವರ್ಷ ಬದುಕಿ, ಬೇರೆ ಯಾವುದೋ ಕಾಯಿಲೆಯಿಂದ ತೀರಿಕೊಂಡರೆ, ‘ನನ್ನ ಕಿವಿ ಹರಿದವನು ಇವನೇ’ ಅಂದ ಮಾತು ಅವಳ ಜೊತೆಗೇ ಹೋಗುತ್ತೆ. ಹಾಗೆ ಹೋಗದೆ ಉಳಿಯಬೇಕಾದರೆ ಅವಳು ಬದುಕಿರುವಾಗಲೇ ಕೋರ್ಟಿನ ಮುಂದೆ ನುಡಿದಿರಬೇಕು, ಎದುರು ಕಡೆಯವರಿಗೆ ಪ್ರಶ್ನೆ ಕೇಳೋ ಅವಕಾಶ ಸಿಕ್ಕಿರಬೇಕು. ಆಗ ಆಮೇಲೆ ಅವಳು ಇಲ್ಲದಿದ್ದರೂ ಆ ಸಾಕ್ಷ್ಯ ನಿಲ್ಲುತ್ತೆ.

ನರ್ಸ್: ಆ ಪಾಟೀಸವಾಲನ್ನ ಎಪ್ಪತ್ತೆಂಟರ ಮುದುಕಿ ತಡೆದುಕೊಳ್ಳಬೇಕಲ್ಲ.

ವಕೀಲರು: ಅದನ್ನ ನಾನು ಕಣ್ಣಾರೆ ಕಂಡಿದ್ದೀನಿ. ಕಟಕಟೆಯಲ್ಲಿ ನಿಂತ ಮುದುಕಿಗೆ ಎದುರು ಕಡೆಯವರ ಪ್ರಶ್ನೆ: ‘ನಿಮಗೆ ಕಣ್ಣಿಗೆ ಪೊರೆ ಬಂದಿದೆಯಲ್ವೇ?’ ಹೌದು. ‘ಆವತ್ತು ಕನ್ನಡಕ ಹಾಕಿದ್ದಿರಾ?’ ಇಲ್ಲ. ‘ಕರೆಂಟ್ ಇತ್ತಾ?’ ನೆನಪಿಲ್ಲ. ‘ಪೊಲೀಸರು ಇವನನ್ನ ತೋರಿಸಿ ಇವನೇ ಅನ್ನಿ ಅಂದರಲ್ವೇ?’ ಪ್ರಶ್ನೆ ಸರಿಯಾಗಿ ಕೇಳಿಸದೆ ಅವಳು ‘ಹ್ಞೂಂ’ ಅಂದುಬಿಟ್ಟಳು. ಅಲ್ಲಿಗೆ ಗುರುತು ಹಿಡಿದದ್ದು ನೀರಿಗೆ ಬಿತ್ತು. ವಕೀಲರು ಅವರ ಕೆಲಸ ಮಾಡಿದರು, ನಿರಪರಾಧಿ ಜೈಲಿಗೆ ಹೋಗಬಾರದು ಅಂದರೆ ಆ ಪ್ರಶ್ನೆಗಳು ಬೇಕು. ತಪ್ಪಿದ್ದು ಬೇರೆ ಕಡೆ. ಗುರುತಿನ ಪರೇಡನ್ನ ತಹಶೀಲ್ದಾರರ ಮುಂದೆ ಬೇಗ ಮಾಡಿಸಿರಲಿಲ್ಲ. ಕಿವಿ ಮಂದ ಅಂತ ಕೋರ್ಟಿಗೆ ಮೊದಲೇ ಯಾರೂ ತಿಳಿಸಿರಲಿಲ್ಲ. ಅವಳಿಗೆ ಒಂದು ಕುರ್ಚಿ ಕೊಡಿಸಿರಲಿಲ್ಲ.

ನರ್ಸ್: ಇದಕ್ಕೆಲ್ಲ ಹೊಸ ಕಾನೂನು ಬೇಕಾ?

ವಕೀಲರು: ಮುಕ್ಕಾಲು ಪಾಲು ಬೇಡ, ಇರೋದನ್ನ ಬಳಸಿದರೆ ಸಾಕು. ಅರವತ್ತು ದಾಟಿದವರನ್ನ, ಹೆಂಗಸರನ್ನ ಪೊಲೀಸರು ಹೇಳಿಕೆಗೆ ಅಂತ ಠಾಣೆಗೆ ಕರೆಸೋ ಹಾಗಿಲ್ಲ, ಅವರಿರೋ ಕಡೆಗೇ ಬರಬೇಕು. ನಾಗರಿಕ ಸುರಕ್ಷಾ ಸಂಹಿತೆಯ 179ನೇ ಕಲಂ. ಹತ್ತು ವರ್ಷ ಇಲ್ಲವೇ ಅದಕ್ಕೂ ಹೆಚ್ಚು ಶಿಕ್ಷೆ ಇರೋ ಕೇಸಿನಲ್ಲಿ, ಪೊಲೀಸರು ಕರೆತಂದ ಸಾಕ್ಷಿಯ ಹೇಳಿಕೆಯನ್ನ ಮ್ಯಾಜಿಸ್ಟ್ರೇಟರು ದಾಖಲಿಸಲೇಬೇಕು ಅಂತ 183ನೇ ಕಲಂ ಹೇಳುತ್ತೆ. ವಿಡಿಯೋ ಮೂಲಕ ಸಾಕ್ಷ್ಯ ಹೇಳಬಹುದು ಅಂತ ಸುಪ್ರೀಂ ಕೋರ್ಟು 2003ರಲ್ಲೇ ಒಪ್ಪಿತ್ತು, ಈಗ ಅದು ಕಾನೂನಿನ ಒಳಗೇ ಬಂದಿದೆ. ನಡೆಯೋಕಾಗದ ಸಾಕ್ಷಿಯ ಬಳಿಗೆ ಕಮಿಷನ್ ಕಳಿಸಿ ಸಾಕ್ಷ್ಯ ಪಡೆಯೋ ಪದ್ಧತಿ ಮೊದಲಿನಿಂದಲೂ ಇದೆ. ಕೇಳೋರಿಲ್ಲದೆ ಇವೆಲ್ಲ ಪುಸ್ತಕದಲ್ಲೇ ಉಳಿದಿವೆ.

ನರ್ಸ್: ಉಳಿದ ಕಾಲು ಪಾಲು?

ವಕೀಲರು: ಅತ್ಯಾಚಾರದ ಕೇಸಿನ ವಿಚಾರಣೆ ದೋಷಾರೋಪಣ ಪಟ್ಟಿ ಬಂದ ಎರಡು ತಿಂಗಳೊಳಗೆ ಮುಗಿಯಬೇಕು ಅಂತ ಕಾನೂನಿನಲ್ಲಿದೆ. ಎಲ್ಲ ಕಡೆ ಅದು ಆಗ್ತಿಲ್ಲ. ಆದರೆ ಬರೆದಿರೋದರಿಂದ ಕೇಳೋಕೆ ಒಂದು ಆಧಾರ ಇದೆ. ಅರವತ್ತು ದಾಟಿದ ಸಂತ್ರಸ್ತರಿಗೆ ಅಂಥ ಒಂದು ಸಾಲೂ ಇಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಹಿರಿಯರ ಮೇಲಿನ ಅಪರಾಧಗಳನ್ನ ಬೇರೆ ಅಧ್ಯಾಯವಾಗಿಯೇ ಲೆಕ್ಕ ಹಾಕುತ್ತೆ, 2022ರಲ್ಲಿ ದೇಶದಲ್ಲಿ 28,545 ಪ್ರಕರಣ. ಲೆಕ್ಕಕ್ಕೆ ಅವರು ಬೇರೆ ವರ್ಗ. ವಿಚಾರಣೆಯ ಸಾಲಿನಲ್ಲಿ ಮಾತ್ರ ಎಲ್ಲರ ಹಿಂದೆ.

ನರ್ಸ್: ಇದು ಹೊರಗಿನವರು ಬಂದು ಮಾಡೋದು ಆಯ್ತು. ನಮಗೆ ಬರೋ ಗಾಯಗಳಲ್ಲಿ ಎಷ್ಟೋ ಮನೆಯೊಳಗಿನವು ಮಾವ. ‘ಬಚ್ಚಲಲ್ಲಿ ಜಾರಿದೆ’ ಅಂತಾರೆ, ತೋಳಿನ ಮೇಲೆ ಬೆರಳಿನ ಗುರುತು ನೀಲಿಯಾಗಿ ಎದ್ದಿರುತ್ತೆ. ಕರೆತಂದ ಮಗ ಪಕ್ಕದಲ್ಲೇ ನಿಂತಿರ್ತಾನೆ. ಅವನನ್ನ ಹೊರಗೆ ಕಳಿಸಿ ಕೇಳಿದರೆ ಅಳು ಬರುತ್ತೆ, ಆಮೇಲೆ ಕೈ ಮುಗೀತಾರೆ: ‘ಬರೀಬೇಡ ಕಣವ್ವ, ನನ್ನ ಮಣ್ಣು ಮಾಡೋನು ಅವನೇ.’ ಈ ಬೆಟ್ಟಕ್ಕೆ ಬಂದು ಇಲ್ಲಿಯ ಭೈರವನ ಮುಂದೆ ಹೇಳಿಕೊಳ್ತಾರೆ, ಠಾಣೆಗೆ ಹೋಗಲ್ಲ.

ವಕೀಲರು: ಆ ತಾಯಿಗೆ ಬೇಕಾದದ್ದು ಮಗನ ಜೈಲು ಅಲ್ಲ, ಏಟು ನಿಲ್ಲೋದು. ಶಿಕ್ಷೆಯ ಮಾತು ಆಡುವಾಗ ಇದನ್ನ ಮರೆತರೆ ನಾವು ಅವಳ ಬಾಯಿ ಮುಚ್ಚಿಸ್ತೀವಿ. ಹತ್ತು ವರ್ಷ ಅಂತ ಬರೆದಿಟ್ಟರೆ ಅವಳು ದೂರನ್ನೇ ಕೊಡಲ್ಲ. ಅದಕ್ಕೇ 2007ರಲ್ಲಿ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆ ಬಂತು. ನಮ್ಮ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕೂ ತಾಲ್ಲೂಕು ಪಾಂಡವಪುರ ಉಪವಿಭಾಗಕ್ಕೆ ಸೇರಿದ್ದು. ಅಲ್ಲಿಯ ಉಪವಿಭಾಗಾಧಿಕಾರಿ, ಜನ ಎ.ಸಿ. ಸಾಹೇಬರು ಅನ್ನೋರು, ಅವರೇ ಆ ಕಾಯ್ದೆಯ ನ್ಯಾಯಮಂಡಳಿಯ ಮುಖ್ಯಸ್ಥರು. ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಬಹುದು, 90 ದಿನದಲ್ಲಿ ತೀರ್ಮಾನ ಮಾಡಬೇಕು. ನೋಡಿಕೊಳ್ತೀನಿ ಅನ್ನೋ ಷರತ್ತಿನ ಮೇಲೆ ಬರೆಸಿಕೊಂಡ ದಾನಪತ್ರವನ್ನ, ನೋಡಿಕೊಳ್ಳದಿದ್ದರೆ 23ನೇ ಕಲಂ ಪ್ರಕಾರ ರದ್ದು ಮಾಡಿಸಬಹುದು. ಜಮೀನು ಕೈಬಿಟ್ಟುಹೋಗುತ್ತೆ ಅನ್ನೋ ಭಯ ಜೈಲಿನ ಭಯಕ್ಕಿಂತ ಬೇಗ ಕೆಲಸ ಮಾಡುತ್ತೆ.

ನರ್ಸ್: ಬೀದಿಗೆ ಬಿಟ್ಟುಹೋದರೆ?

ವಕೀಲರು: 24ನೇ ಕಲಂ. ಮೂರು ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹೆತ್ತವರನ್ನ ಬಸ್ ನಿಲ್ದಾಣದಲ್ಲಿ ಬಿಟ್ಟು ಹೋದವನಿಗೆ ಇಷ್ಟು ಸಾಲದು ಅನ್ನೋದರಲ್ಲಿ ನಾನು ನಿನ್ನ ಕಡೆಗೇ. ಆದರೆ ಏಟು ಮೂಳೆ ಮುರಿಯೋ ಮಟ್ಟಕ್ಕೆ ಹೋದ ಮೇಲೆ ಅದು ಎ.ಸಿ. ಆಫೀಸಿನ ವಿಷಯ ಅಲ್ಲ, ಕ್ರಿಮಿನಲ್ ಕೋರ್ಟಿನದ್ದೇ. ಅಲ್ಲಿ ರಾಜಿಗೆ ಅಂತ ಬಂದಾಗ ಜಡ್ಜು ತಾಯಿಯನ್ನ ಮಗನಿಲ್ಲದ ಕಡೆ ಕರೆದು ಕೇಳಬೇಕು. ಅವಳು ಮನಸಾರೆ ಒಪ್ಪಿದ್ದಾಳೋ, ಇವತ್ತು ರಾತ್ರಿಯ ಊಟಕ್ಕೆ ಹೆದರಿ ಒಪ್ಪಿದ್ದಾಳೋ ಅಂತ ತಿಳಿದುಕೊಳ್ಳದೆ ಸಹಿ ಹಾಕಿಸಬಾರದು.

ನರ್ಸ್: ಬೇರೆ ದೇಶಗಳಲ್ಲಿ ಹೇಗೆ ಮಾಡ್ತಾರೆ?

ವಕೀಲರು: ಅಮೆರಿಕದ ಫೆಡರಲ್ ಕೋರ್ಟುಗಳಲ್ಲಿ ಶಿಕ್ಷೆಗೆ ಒಂದು ಮಾರ್ಗಸೂಚಿ ಇದೆ. ವಯಸ್ಸಿನಿಂದಲೋ ದೌರ್ಬಲ್ಯದಿಂದಲೋ ತನ್ನನ್ನ ಕಾಪಾಡಿಕೊಳ್ಳೋಕಾಗದವರು ಅಂತ ಗೊತ್ತಿದ್ದೂ ಅಪರಾಧ ಮಾಡಿದರೆ ಶಿಕ್ಷೆಯ ಲೆಕ್ಕ ಎರಡು ಹಂತ ಏರುತ್ತೆ. ಕ್ಯಾಲಿಫೋರ್ನಿಯಾದಲ್ಲಿ 65 ವರ್ಷ ದಾಟಿದವರ ಮೇಲಿನ ಹಿಂಸೆಗೆ ಬೇರೆ ಕಲಮೇ ಇದೆ. ಇಂಗ್ಲೆಂಡಿನಲ್ಲೂ 2010ರಿಂದ ಶಿಕ್ಷೆಯ ಮಾರ್ಗಸೂಚಿ ಬರೆಯೋಕೆ ಮಂಡಳಿ ಇದೆ. ನಮ್ಮಲ್ಲೂ ಯೋಚನೆ ಆಗದೇ ಇಲ್ಲ. ನಮ್ಮ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಾಗಿದ್ದ ವಿ.ಎಸ್. ಮಳಿಮಠರ ಸಮಿತಿ 2003ರಲ್ಲೇ, ಶಿಕ್ಷೆಗೆ ಮಾರ್ಗಸೂಚಿ ಬೇಕು, ಅದನ್ನ ರೂಪಿಸೋಕೆ ಶಾಸನಬದ್ಧ ಸಮಿತಿ ಬೇಕು ಅಂತ ವರದಿ ಕೊಟ್ಟಿತ್ತು. ಆ ಸಮಿತಿ ಇವತ್ತಿಗೂ ಆಗಿಲ್ಲ. 2008ರಲ್ಲಿ ಸುಪ್ರೀಂ ಕೋರ್ಟೂ ನಮ್ಮಲ್ಲಿ ಮಾರ್ಗಸೂಚಿ ಇಲ್ಲ ಅಂತ ತೀರ್ಪಿನಲ್ಲೇ ಹೇಳಿತು. ಅದರಿಂದ ಒಂದು ಕೋರ್ಟಿನಲ್ಲಿ ಹತ್ತು ವರ್ಷ, ಪಕ್ಕದ ಕೋರ್ಟಿನಲ್ಲಿ ಅದೇ ಥರದ ಗಾಯಕ್ಕೆ ಮೂರು ವರ್ಷ ಬಂದರೂ ಯಾಕೆ ಅಂತ ಕೇಳೋಕೆ ಅಳತೆಗೋಲಿಲ್ಲ.

ನರ್ಸ್: ಪರಿಹಾರ? ಅಜ್ಜಿಯ ಆಪರೇಷನ್ನಿಗೆ ಮಗಳು ತಾಳಿ ಗಿರವಿ ಇಟ್ಟಳು. ಕಳ್ಳರು ಒಂದು ಸಲ ಒಡವೆ ತೆಗೆದರು, ಆಸ್ಪತ್ರೆ ಖರ್ಚು ಇನ್ನೊಂದು ಸಲ ತೆಗೆಯಿತು.

ವಕೀಲರು: ಕರ್ನಾಟಕದಲ್ಲಿ 2011ರಿಂದ ಸಂತ್ರಸ್ತರ ಪರಿಹಾರ ಯೋಜನೆ ಇದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಬೇಕು. ಆರೋಪಿ ಸಿಗದಿದ್ದರೂ ಕೇಳಬಹುದು. ಪರಿಹಾರದ ವಿಷಯವನ್ನ ಪ್ರತಿ ಕ್ರಿಮಿನಲ್ ಕೇಸಿನಲ್ಲೂ ಕೋರ್ಟು ಯೋಚಿಸಲೇಬೇಕು ಅಂತ 2013ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆ ಮಗಳಿಗೆ ಇದನ್ನ ಯಾರಾದರೂ ಹೇಳಿದ್ದಾರಾ?

ನರ್ಸ್: ಇಲ್ಲ. ನಮಗೂ ಗೊತ್ತಿರಲಿಲ್ಲ.

ವಕೀಲರು: ನಾಳೆ ಹೇಳು. ಹಿರಿಯರ ಸಹಾಯವಾಣಿ 14567 ಅಂತಲೂ ಹೇಳು. ಇನ್ನೂ ಎರಡು ಕೆಲಸ ಇದೆ. ಹದಿನೈದು ದಿನ ಆದ ಮೇಲೆ ಅಜ್ಜಿ ಎದ್ದು ಓಡಾಡ್ತಾರಾ ಅನ್ನೋದನ್ನ ಡಾಕ್ಟರಿಗೆ ತೋರಿಸಿ ಬರೆಸು. ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ ಆಗಿದೆಯಾ ಅಂತ ತನಿಖಾಧಿಕಾರಿಯನ್ನ ಕೇಳೋಕೆ ಮಗಳಿಗೆ ಹೇಳು. ಕಾಗದದಲ್ಲಿ ಬರೆದು ಕೇಳಲಿ.

ನರ್ಸ್: ಕೇಳಿಸ್ತೀನಿ. ಆದರೆ ನನ್ನ ಒಂದು ಮಾತನ್ನ ನೀವು ಒಪ್ಪಬೇಕು ಮಾವ. ಇದ್ದ ಕಾನೂನನ್ನ ಬಳಸಿದರೆ ಸಾಕು ಅಂದಿರಿ. ನಾಗಮಂಗಲದ ತೋಟದ ಮನೆಯಲ್ಲಿ ಒಬ್ಬರೇ ಇರೋ ಮುದುಕಿ, ಗಾಯ ಎಷ್ಟು ದಿನದ್ದು ಅಂತ ಲೆಕ್ಕ ಇಟ್ಟು, ತನಿಖಾಧಿಕಾರಿಗೆ ಕಾಗದ ಬರೆದು, ವಿಡಿಯೋ ಸಾಕ್ಷ್ಯಕ್ಕೆ ಅರ್ಜಿ ಹಾಕ್ತಾಳಾ? ನಿಮ್ಮಂಥ ವಕೀಲರೋ ನನ್ನಂಥ ನರ್ಸೋ ಇಲ್ಲದ ಮನೆಗೆ ನ್ಯಾಯ ಹೇಗೆ ಸಿಗುತ್ತೆ? ಕೇಳಿದರೆ ಸಿಗೋ ಹಕ್ಕು ಅವಳಿಗೆ ಸಾಲದು. ಕೇಳದೇ ಸಿಗೋ ಹಾಗೆ ಬರೆದಿಡಬೇಕು.

ವಕೀಲರು: ಒಪ್ಪಿದೆ. ಕಾನೂನಿನಲ್ಲಿ ಒಂದು ಸಾಲು ಬೇಕೇ ಬೇಕು. ನೀನು ಮೊದಲು ಕೇಳಿದ ಗಲ್ಲಿನ ಸಾಲು ಬೇಡ. ಹೇಗೆ ಬರೀತೀಯ, ಹೇಳು.

ನರ್ಸ್: ಅರವತ್ತು ದಾಟಿದವರ ಮೇಲೆ ಹಿಂಸೆ ನಡೆದರೆ, ಆರೋಪ ಹೊರಿಸಿದ ಎರಡು ತಿಂಗಳೊಳಗೆ ಎಲ್ಲರಿಗಿಂತ ಮೊದಲು ಅವರ ಸಾಕ್ಷ್ಯ ಪಾಟೀಸವಾಲಿನ ಸಮೇತ ಮುಗಿಯಬೇಕು, ಬೇಕಾದರೆ ಅವರ ಮನೆಯಲ್ಲೇ, ಆಸ್ಪತ್ರೆಯಲ್ಲೇ. ಶಿಕ್ಷೆ ಹೇಳುವಾಗ ಆ ವಯಸ್ಸಿಗೆ ಆ ಗಾಯ ಏನು ಮಾಡಿತು ಅನ್ನೋದನ್ನ ಜಡ್ಜು ತೀರ್ಪಿನಲ್ಲಿ ಬರೆಯಲೇಬೇಕು. ಶಿಕ್ಷೆ ಕಡಿಮೆ ಮಾಡಿದರೆ ಯಾಕೆ ಅಂತಲೂ ಬರೆಯಬೇಕು.

ವಕೀಲರು: ಆರೋಪ ಹೊರಿಸೋಕೇ ತಡ ಮಾಡಿದರೆ ಆ ಎರಡು ತಿಂಗಳು ಶುರುವಾಗಲ್ಲ. ಆರೋಪ ಹೊರಿಸೋಕೆ ಕಾನೂನಿನಲ್ಲಿ ಈಗಿರೋ ಅರವತ್ತು ದಿನದ ಗಡುವನ್ನ ಇಂಥ ಕೇಸಿನಲ್ಲಿ ಯಾವ ಕಾರಣಕ್ಕೂ ದಾಟಬಾರದು ಅಂತ ಸೇರಿಸು. ಶಿಕ್ಷೆ ಸಾಲದು ಅನಿಸಿದರೆ ಮೇಲ್ಮನವಿ ಹಾಕೋ ಹಕ್ಕು ಅವರಿಗೇ ಇರಬೇಕು ಅಂತಲೂ ಸೇರಿಸು. ಇಷ್ಟನ್ನ ಒಂದು ಹಾಳೆಯಲ್ಲಿ ಬರೆದು ನಮ್ಮ ಶಾಸಕರಿಗೂ, ಸಂಸದರಿಗೂ, ಹೈಕೋರ್ಟಿಗೂ ಕಳಿಸೋಣ. ಜಿಲ್ಲೆಯ ವಕೀಲರ ಸಂಘದಲ್ಲಿ ನಾನು ಮಾತಾಡ್ತೀನಿ. ಆಸ್ಪತ್ರೆಯಲ್ಲಿ ಕಂಡದ್ದನ್ನ, ಹೆಸರು ಊರು ಬಿಟ್ಟು, ನೀನೇ ಬರೀಬೇಕು. ಕಲಂ ಯಾವುದು ಅಂತ ನಾನು ಹೇಳಬಲ್ಲೆ. ಆ ಗಾಯ ಏನು ಅಂತ ಅವರಿಗೆ ತಿಳಿಯಬೇಕಾದರೆ ನಿನ್ನ ಮಾತೇ ಬೇಕು.

ನರ್ಸ್: ಇವತ್ತು ರಾತ್ರಿ ಡ್ಯೂಟಿ ಇಲ್ಲ. ಇವತ್ತೇ ಬರೀತೀನಿ.